ಮುರಿದ ಮಣ್ಣಿನ ಫಲಕಗಳ ಬೆನ್ನು ಹತ್ತಿದ ಸ್ಯಾಮ್ಯುಯೆಲ್ ನೋವಾ ಕ್ರೇಮರ್

ಇನಾನ್ನಾ ದೇವಿ ಪಾತಾಳಕ್ಕೆ ಇಳಿದ ಕತೆ ಬರೆದಿರೋ ಒಂದು ಜೇಡಿಮಣ್ಣಿನ ಫಲಕ ಇದೆ, ಅದರ ಒಂದು ಅರ್ಧ ಇಸ್ತಾಂಬುಲ್‌ ಮ್ಯೂಸಿಯಂನಲ್ಲಿತ್ತು, ಇನ್ನೊಂದು ಅರ್ಧ ಅಮೆರಿಕದ ಫಿಲಡೆಲ್ಫಿಯಾದಲ್ಲಿತ್ತು. ಎರಡೂ ಒಂದೇ ಫಲಕದ ತುಂಡು ಅಂತ ಎಷ್ಟೋ ವರ್ಷ ಯಾರಿಗೂ ಗೊತ್ತಿರ್ಲಿಲ್ಲ. ಯಾಕೆ ಹೀಗಾಯ್ತು ಅಂದ್ರೆ, ಇವತ್ತಿನ ಇರಾಕ್‌ನಲ್ಲಿರೋ ನಿಪ್ಪೂರ್ ಅನ್ನೋ ಹಳೇ ಊರನ್ನ ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯೋರು 1889ರಿಂದ 1900ರವರೆಗೆ ಅಗೆದ್ರು, ಆಗ ಆ ಸೀಮೆ ಆಟೋಮನ್ ಸುಲ್ತಾನರ ಕೈಲಿತ್ತು, ಹಾಗಾಗಿ ಸಿಕ್ಕಿದ್ರಲ್ಲಿ ಒಂದು ಪಾಲು ಇಸ್ತಾಂಬುಲ್‌ಗೆ ಹೋಯ್ತು, ಒಂದು ಪಾಲು ಫಿಲಡೆಲ್ಫಿಯಾಗೆ ಬಂತು, ಆ ತಂಡದ ಹಿಲ್‌ಪ್ರೆಕ್ಟ್ ಅನ್ನೋ ವಿದ್ವಾಂಸರ ಹತ್ರ ಇದ್ದ ಸಂಗ್ರಹ ಜರ್ಮನಿಯ ಯೇನಾ ಊರು ಸೇರ್ತು. ಹಂಚ್ಕೊಳ್ಳೋವಾಗ ಅದ್ರಲ್ಲಿ ಏನು ಬರ್ದಿದೆ ಅಂತ ಓದಿ ಹಂಚ್ಕೊಂಡಿದ್ದಲ್ಲ. ಅವು ಬರೆದಿರೋದು ಸುಮೇರಿಯನ್‌ನಲ್ಲಿ, ಅಂದ್ರೆ ಇರಾಕ್‌ನ ದಕ್ಷಿಣಕ್ಕಿದ್ದ ಸುಮೇರ್ ಸೀಮೆಯ ಹಳೇ ಭಾಷೆಯಲ್ಲಿ, ಅದನ್ನ ಸಲೀಸಾಗಿ ಓದೋರು ಆಗ ಇರ್ಲೇ ಇಲ್ಲ ಅನ್ನಬಹುದು.

ಹಾಗಾಗಿ ಮಾನವಕುಲದ ಅತಿ ಹಳೇ ಸಾಹಿತ್ಯಗಳಲ್ಲಿ ಒಂದು ಮಣ್ಣಿನಿಂದ ಆಚೆ ಬಂದ್ಮೇಲೂ ದಶಕಗಟ್ಟಲೆ ಮ್ಯೂಸಿಯಂ ಡ್ರಾಯರ್‌ಗಳಲ್ಲಿ ಹೂತೇ ಇತ್ತು. ಅದನ್ನ ಎರಡನೇ ಸಲ ಅಗೆದು ತೆಗೆದವ್ರಲ್ಲಿ ದೊಡ್ಡ ಹೆಸರು ಸ್ಯಾಮ್ಯುಯೆಲ್ ನೋವಾ ಕ್ರೇಮರ್ ಅವ್ರದ್ದು. ನನ್ನ ಪ್ರಕಾರ ಗುದ್ದಲಿ ಹಿಡಿದು ಅಗೆದವ್ರಿಗಿಂತ ಇವ್ರ ಕೆಲ್ಸವೇ ಕಷ್ಟದ್ದು.

ಕ್ರೇಮರ್ ಹುಟ್ಟಿದ್ದು 1897ರಲ್ಲಿ, ಈಗ ಯುಕ್ರೇನ್‌ನಲ್ಲಿರೋ ಕೀವ್ ಹತ್ತಿರದ ಒಂದು ಸಣ್ಣ ಊರಲ್ಲಿ, ಯಹೂದಿ ಕುಟುಂಬದಲ್ಲಿ. ರಷ್ಯನ್ ಸಾಮ್ರಾಜ್ಯದಲ್ಲಿ ಯಹೂದಿಗಳ ಮೇಲೆ ದಾಳಿ, ಕೊಲೆ ನಡೀತಿದ್ದ ಕಾಲ ಅದು. ಅವ್ರ ಮನೆಯೋರು ಊರು ಬಿಟ್ಟು ಫಿಲಡೆಲ್ಫಿಯಾಗೆ ಬಂದ್ರು, ಅಪ್ಪ ಅಲ್ಲಿ ಹೀಬ್ರೂ ಕಲಿಸೋ ಶಾಲೆ ಇಟ್ರು. ಡಿಗ್ರಿ ಆದ್ಮೇಲೆ ಮಗ ಅಪ್ಪನ ಶಾಲೇಲಿ ಪಾಠ ಮಾಡಿದ್ರು, ಬರಹಗಾರ ಆಗೋಣ ಅಂತ ನೋಡಿದ್ರು, ಬಿಸಿನೆಸ್ಸಿಗೂ ಕೈ ಹಾಕಿದ್ರು, ಯಾವ್ದೂ ಕೈಹಿಡೀಲಿಲ್ಲ. ಕೊನೆಗೆ ಚಿಕ್ಕಂದಿನಲ್ಲಿ ಕಲ್ತ ಹೀಬ್ರೂ ಏನಾದ್ರೂ ಉಪಯೋಗಕ್ಕೆ ಬರುತ್ತಾ ನೋಡೋಣ ಅಂತ ಪ್ರಾಚೀನ ಭಾಷೆಗಳ ಕಡೆ ತಿರುಗಿದ್ರು. 1929ರಲ್ಲಿ ಪಿಎಚ್‌ಡಿ ಬಂದಾಗ ವಯಸ್ಸು ಮೂವತ್ತು ದಾಟಿತ್ತು, ಅದೂ ಸುಮೇರಿಯನ್ ಮೇಲಲ್ಲ, ಅದೇ ಸೀಮೆಯ ಇನ್ನೊಂದು ಹಳೇ ಭಾಷೆಯಾದ ಅಕ್ಕಾಡಿಯನ್ ಫಲಕಗಳ ಮೇಲೆ.

ಸುಮೇರಿಯನ್ ಅವ್ರಿಗೆ ಸರಿಯಾಗಿ ಸಿಕ್ಕಿದ್ದು 1932ರಲ್ಲಿ ಶಿಕಾಗೋಗೆ ಹೋದ್ಮೇಲೆ. ಅಲ್ಲಿ ಆರ್ನೋ ಪೋಬೆಲ್ ಅಂತ ಜರ್ಮನ್ ಪಂಡಿತರಿದ್ರು, ಸುಮೇರಿಯನ್ ವ್ಯಾಕರಣವನ್ನ ಗಟ್ಟಿಯಾಗಿ ಕಟ್ಟಿಕೊಟ್ಟವ್ರು, ಕ್ರೇಮರ್ ಅವ್ರ ಹತ್ರ ಕೂತು ಕಲ್ತ್ರು. ಸುಮೇರಿಯನ್‌ಗೆ ಬಂಧುಭಾಷೆ ಅಂತ ಸಾಬೀತಾದದ್ದು ಒಂದೂ ಇಲ್ಲ. ನಮ್ಮ ಕನ್ನಡದ ಹಾಗೆ ಪ್ರತ್ಯಯ ಅಂಟಿಸಿ ಅಂಟಿಸಿ ಪದ ಬೆಳೆಸೋ ಭಾಷೆ ಅದು, ಇದನ್ನ ಹಿಡ್ಕೊಂಡು ದ್ರಾವಿಡ ಭಾಷೆಗಳಿಗೂ ಸುಮೇರಿಯನ್‌ಗೂ ಒಂದೇ ಬೇರು ಅಂತ ವಾಟ್ಸಾಪ್‌ನಲ್ಲಿ ಬರುತ್ತಲ್ಲ, ಅದನ್ನ ನಂಬ್ಬೇಡಿ, ಟರ್ಕಿಶ್ ಕೂಡ ಹಾಗೇ ಅಂಟಿಸುತ್ತೆ. ಅದೇ ಸಮಯಕ್ಕೆ ಎಡ್ವರ್ಡ್ ಕಿಯೆರಾ ಅನ್ನೋ ವಿದ್ವಾಂಸರು ತೀರಿಕೊಂಡ್ರು. ನಿಪ್ಪೂರಿನ ಸಾಹಿತ್ಯ ಫಲಕಗಳನ್ನ ಕೈಯಲ್ಲಿ ನಕಲು ಮಾಡಿ ಇಟ್ಟಿದ್ದವ್ರು ಅವ್ರು, ನಾನು ಮೊದಲು ಹೇಳಿದ ಆ ಎರಡು ಅರ್ಧ ಒಂದೇ ಫಲಕದ್ದು ಅಂತ ಪತ್ತೆ ಮಾಡಿದ್ದೂ ಅವ್ರೇ. ಆ ನಕಲುಗಳನ್ನ ಪ್ರಕಟಣೆಗೆ ಸಿದ್ಧ ಮಾಡೋ ಕೆಲ್ಸ ಕ್ರೇಮರ್ ಪಾಲಿಗೆ ಬಂತು, 1934ರಲ್ಲಿ ಪುಸ್ತಕಗಳು ಬಂದ್ವು, ಅಲ್ಲಿಂದ ಮುಂದೆ ಜೀವನ ಪೂರ್ತಿ ಅದೇ ಆಯ್ತು.

ಈ ಕೈನಕಲು ಅಂದ್ರೆ ಏನು ಅಂತ ಸ್ವಲ್ಪ ಹೇಳ್ಬೇಕು. ಕ್ಯೂನಿಫಾರ್ಮ್ ಲಿಪಿ ಶಾಯಿಯಲ್ಲಿ ಬರೆದದ್ದಲ್ಲ, ಹಸಿ ಮಣ್ಣಿನ ಮೇಲೆ ಜೊಂಡಿನ ಕಡ್ಡಿ ಒತ್ತಿ ಮೂಡಿಸಿದ ಬೆಣೆಯಂಥ ಗುಳಿಗಳು. ಬೆಳಕು ಓರೆಯಾಗಿ ಬಿದ್ರೆ ಗುಳಿಯ ನೆರಳು ಕಾಣುತ್ತೆ, ನೇರ ಬಿದ್ರೆ ಏನೂ ಕಾಣಲ್ಲ, ಫಲಕದ ಅಂಚಿಗೂ ಹಿಂದಕ್ಕೂ ಬರವಣಿಗೆ ಸುತ್ಕೊಂಡು ಹೋಗಿರುತ್ತೆ, ಹಾಗಾಗಿ ಒಂದು ಫೋಟೋ ತೆಗೆದ್ರೆ ಕೆಲ್ಸ ಆಗಲ್ಲ. ವಿದ್ವಾಂಸರು ಫಲಕವನ್ನ ಕೈಯಲ್ಲಿ ತಿರುಗಿಸ್ತಾ ತಿರುಗಿಸ್ತಾ ಒಂದೊಂದು ಗುಳಿಯನ್ನೂ ಕಾಗದದ ಮೇಲೆ ಚಿತ್ರವಾಗಿ ಬಿಡಿಸ್ಬೇಕು. ಕ್ರೇಮರ್ 1937ರಲ್ಲಿ ಫೆಲೋಶಿಪ್ ಮೇಲೆ ಇಸ್ತಾಂಬುಲ್‌ಗೆ ಹೋಗಿ ಸುಮಾರು ಎರಡು ವರ್ಷ ಇದೇ ಮಾಡಿದ್ರು, ನೂರಾರು ಸಾಹಿತ್ಯ ತುಂಡುಗಳಲ್ಲಿ ನಕಲು ಮಾಡೋಕಾಗಿದ್ದು ನೂರ ಎಪ್ಪತ್ತರ ಆಸುಪಾಸು. ಅಲ್ಲಿನ ಮ್ಯೂಸಿಯಂನ ಮುವಝ್ಝೆಜ್ ಚಿಗ್ ಮತ್ತೆ ಹತಿಜೆ ಕಿಝಿಲ್ಯಾಯ್ ಅನ್ನೋ ಇಬ್ಬರು ಟರ್ಕಿಶ್ ಮಹಿಳೆಯರು ಆಮೇಲಿನ ವರ್ಷಗಳಲ್ಲಿ ಈ ನಕಲು ಕೆಲ್ಸದಲ್ಲಿ ಕ್ರೇಮರ್‌ಗೆ ಜೊತೆಯಾದ್ರು, ಅವ್ರ ಹೆಸರನ್ನ ಬಿಟ್ಟು ಈ ಕತೆ ಹೇಳೋದು ನ್ಯಾಯ ಅಲ್ಲ.

ಇನ್ನೊಂದು ವಿಷ್ಯ ನನಗೆ ತುಂಬಾ ಇಷ್ಟ. ಈ ಫಲಕಗಳಲ್ಲಿ ಹೆಚ್ಚಿನವು ಕ್ರಿ.ಪೂ. 1800-1700ರ ಸುಮಾರಿನವು, ಅಷ್ಟು ಹೊತ್ತಿಗೆ ಮನೇಲಿ ಸುಮೇರಿಯನ್ ಮಾತಾಡೋರು ಇರ್ಲಿಲ್ಲ, ಅದು ಶಾಲೇಲಿ ಕಲಿಯೋ ಭಾಷೆ ಆಗೋಗಿತ್ತು. ಲಿಪಿಕಾರ ಆಗೋಕೆ ಬಂದ ಹುಡುಗರು ಹಳೇ ಕಾವ್ಯಗಳನ್ನ ಪಾಠ ಅಂತ ಮತ್ತೆ ಮತ್ತೆ ಬರೀತಿದ್ರು, ಬರೆದದ್ದನ್ನ ಬಿಸಾಕ್ತಿದ್ರು, ಇಲ್ಲಾ ಗೋಡೆ ನೆಲಕ್ಕೆ ತುಂಬ್ತಿದ್ರು. ಒಂದೇ ಕಾವ್ಯದ ಹತ್ತಾರು ನಕಲು ಸಿಗೋದು ಇದ್ರಿಂದಾನೇ, ಒಂದ್ರಲ್ಲಿ ಒಡೆದ ಸಾಲು ಇನ್ನೊಂದ್ರಲ್ಲಿ ಉಳಿದಿರುತ್ತೆ. ಆ ಮಕ್ಕಳ ಹೋಂವರ್ಕೇ ನಮಗೆ ಉಳಿದಿರೋ ಸುಮೇರಿಯನ್ ಸಾಹಿತ್ಯದ ಬಹುಪಾಲು.

ಆ ಶಾಲೆಯ ಬಗ್ಗೇನೇ ಒಂದು ರಚನೆ ಇದೆ, ಕ್ರೇಮರ್ 1949ರಲ್ಲಿ ಪ್ರಕಟಿಸಿದ್ದು, ಫಿಲಡೆಲ್ಫಿಯಾ, ಇಸ್ತಾಂಬುಲ್, ಪ್ಯಾರಿಸ್ ಮೂರೂ ಕಡೆಯ ತುಂಡು ಕೂಡಿಸಿ. ಹುಡುಗ ಬೆಳಿಗ್ಗೆ ಎದ್ದು ಅಮ್ಮನ ಹತ್ರ ಬುತ್ತಿ ಕೇಳ್ತಾನೆ, ಅಮ್ಮ ಎರಡು ರೊಟ್ಟಿ ಕೊಡ್ತಾಳೆ, ಲೇಟಾಯ್ತು ಅಂತ ಎದೆ ಢವಢವ ಅನ್ನುತ್ತೆ, ಶಾಲೇಲಿ ಮಾತಾಡಿದ್ದಕ್ಕೆ ಏಟು, ಎದ್ದು ನಿಂತಿದ್ದಕ್ಕೆ ಏಟು, ಗೇಟು ದಾಟಿದ್ದಕ್ಕೆ ಏಟು, ಅಕ್ಷರ ದುಂಡಗಿಲ್ಲ ಅಂತ ಏಟು. ಕೊನೆಗೆ ಅಪ್ಪನಿಗೆ ಹೇಳಿ ಮೇಷ್ಟ್ರನ್ನ ಮನೆಗೆ ಊಟಕ್ಕೆ ಕರೆಸ್ತಾನೆ, ಅವ್ರನ್ನ ಗೌರವದ ಜಾಗದಲ್ಲಿ ಕೂರಿಸಿ ಉಪಚಾರ ಮಾಡಿ ಹೊಸ ಬಟ್ಟೆ ಕೊಟ್ಟು ಕೈಗೆ ಉಂಗುರ ತೊಡಿಸ್ತಾರೆ, ಅಷ್ಟಾದ್ಮೇಲೆ ಮೇಷ್ಟ್ರು ಹುಡುಗನನ್ನ ಬಾಯ್ತುಂಬ ಹೊಗಳ್ತಾರೆ. ಹೆಚ್ಚುಕಮ್ಮಿ ನಾಲ್ಕು ಸಾವಿರ ವರ್ಷ ಹಳೇದು ಇದು. ಓದಿದಾಗೆಲ್ಲ ಆ ಹುಡುಗನ ಬೆನ್ನು ಸವರಬೇಕು ಅನ್ಸುತ್ತೆ ನನಗೆ.

ಕ್ರೇಮರ್ ಅವ್ರನ್ನ ನಾನು ಯಾಕೆ ಇಷ್ಟು ಮೆಚ್ಚೋದು ಅಂತ ಇನಾನ್ನಾ ಕತೆ ಹಿಡಿದು ಹೇಳ್ತೀನಿ. ಇದರ ಅಕ್ಕಾಡಿಯನ್ ರೂಪ, ಅಂದ್ರೆ ಇಶ್ತಾರ್ (ಇನಾನ್ನಾಗೆ ಅಕ್ಕಾಡಿಯನ್ ಹೆಸರು) ಪಾತಾಳಕ್ಕೆ ಹೋದ ಕತೆ, ಮೊದಲೇ ಗೊತ್ತಿತ್ತು, ಅದನ್ನ ಓದಿದ ವಿದ್ವಾಂಸರು ಅವಳು ಸತ್ತ ಪ್ರಿಯಕರ ತಮ್ಮೂಜ್‌ನನ್ನ ಬಿಡಿಸ್ಕೊಂಡು ಬರೋಕೆ ಹೋದ್ಳು ಅಂತ ಊಹೆ ಮಾಡಿದ್ರು, ಎಲ್ಲರೂ ಅದನ್ನೇ ನಂಬಿದ್ರು. ಕ್ರೇಮರ್ ಸುಮೇರಿಯನ್ ಪಠ್ಯವನ್ನ ತುಂಡು ತುಂಡು ಜೋಡಿಸಿ 1937ರಲ್ಲಿ ಪ್ರಕಟಿಸಿದ್ರು: ಇನಾನ್ನಾ ಏಳು ಬಾಗಿಲು ದಾಟ್ತಾಳೆ, ಒಂದೊಂದು ಬಾಗಿಲಲ್ಲೂ ಒಂದೊಂದು ಒಡವೆ ವಸ್ತ್ರ ಕಳಚಿಸ್ತಾರೆ, ಕೊನೆಗೆ ಅವಳನ್ನ ಹೆಣ ಮಾಡಿ ಗೂಟಕ್ಕೆ ನೇತುಹಾಕ್ತಾರೆ, ಎಂಕಿ ದೇವರು ಉಗುರಿನ ಕೊಳೆಯಿಂದ ಇಬ್ಬರನ್ನ ಸೃಷ್ಟಿ ಮಾಡಿ ಕಳಿಸಿ ಬದುಕಿಸ್ತಾನೆ. ಬದುಕಿ ಮೇಲೆ ಬರೋವಾಗ ಅವಳ ಬದಲಿಗೆ ಒಬ್ಬರನ್ನ ಕೊಡ್ಬೇಕು ಅಂತ ಪಾತಾಳದ ಪಿಶಾಚಿಗಳು ಬೆನ್ನು ಹತ್ತುತ್ವೆ. ಅಲ್ಲಿಗೆ ಫಲಕ ಒಡೆದಿತ್ತು. ಮುಂದಿನ ಭಾಗ ಯೇಲ್ ಯೂನಿವರ್ಸಿಟಿಯ ಒಂದು ಫಲಕದಲ್ಲಿ ಸಿಕ್ತು, ನೋಡಿದ್ರೆ ಊಹೆ ತಲೆಕೆಳಗು! ತನಗೋಸ್ಕರ ಮಣ್ಣಲ್ಲಿ ಹೊರಳಿ ಅತ್ತವ್ರನ್ನೆಲ್ಲ ಇನಾನ್ನಾ ಬಿಟ್ಬಿಡ್ತಾಳೆ, ಆದ್ರೆ ಗಂಡ ದುಮೂಜಿ, ಅಂದ್ರೆ ಅಕ್ಕಾಡಿಯನ್ ಕತೆಯ ತಮ್ಮೂಜ್, ಮಾತ್ರ ಚೆಂದದ ಬಟ್ಟೆ ಹಾಕ್ಕೊಂಡು ಸಿಂಹಾಸನದ ಮೇಲೆ ಕೂತಿರ್ತಾನೆ, ಅವನನ್ನ ಅವಳೇ ಪಿಶಾಚಿಗಳ ಕೈಗೆ ಒಪ್ಪಿಸ್ತಾಳೆ. ಬಿಡಿಸೋಕೆ ಹೋದವಳಲ್ಲ, ಕಳಿಸಿದವಳು.

ಆಗ ಕ್ರೇಮರ್, ದುಮೂಜಿ ಹೋದವನು ಹೋದ, ವಾಪಸ್ ಬರೋದೇ ಇಲ್ಲ ಅಂತ ಬರೆದ್ರು. ಆಮೇಲೆ ಊರ್ ಅನ್ನೋ ಸುಮೇರಿಯನ್ ನಗರದಲ್ಲಿ ಸಿಕ್ಕಿದ್ದ ಒಂದು ಫಲಕ ಪ್ರಕಟವಾಯ್ತು, ಪ್ರಕಟಿಸಿದವ್ರಲ್ಲಿ ಕ್ರೇಮರ್ ಕೂಡ ಒಬ್ರು, ಅದ್ರಲ್ಲಿ ಕತೆಯ ಕೊನೆ ಸಾಲುಗಳಿವೆ ಅಂತ ಜರ್ಮನಿಯ ಆಡಮ್ ಫಾಲ್ಕೆನ್‌ಸ್ಟೈನ್ ತೋರಿಸಿಕೊಟ್ರು: ವರ್ಷದಲ್ಲಿ ಅರ್ಧ ದುಮೂಜಿ, ಅರ್ಧ ಅವನ ಸೋದರಿ ಗೆಶ್ತಿನಾನ್ನಾ ಪಾತಾಳದಲ್ಲಿರ್ಬೇಕು. ಅಂದ್ರೆ ದುಮೂಜಿ ಪ್ರತಿ ವರ್ಷ ವಾಪಸ್ ಬರ್ತಾನೆ. 1966ರಲ್ಲಿ ಕ್ರೇಮರ್ ತಮ್ಮ ಹಳೇ ಮಾತು ತಪ್ಪು ಅಂತ ಶೀರ್ಷಿಕೆಯಲ್ಲೇ ತಿದ್ದುಪಡಿ ಅಂತ ಹಾಕಿ ಒಂದು ಲೇಖನ ಬರೆದ್ರು. ಆಗ ಅವ್ರಿಗೆ ಎಪ್ಪತ್ತರ ಹತ್ರ, ಈ ವಿಷ್ಯದಲ್ಲಿ ಪ್ರಪಂಚಕ್ಕೇ ಗುರು ಅನ್ನಿಸ್ಕೊಂಡಿದ್ರು. ಸುಮ್ನಿದ್ದಿದ್ರೂ ನಡೀತಿತ್ತು.

ಊರ್ ನಗರದ ರಾಜ ಉರ್-ನಮ್ಮು ಕಾನೂನಿನ ಕತೆಯೂ ಹೀಗೇ ಇನ್ನೊಬ್ರ ಉಪಕಾರದ್ದು. 1952ರಲ್ಲಿ ಇಸ್ತಾಂಬುಲ್‌ನಲ್ಲಿದ್ದಾಗ ಹಾಲೆಂಡ್‌ನಿಂದ ಎಫ್. ಆರ್. ಕ್ರೌಸ್ ಅವ್ರ ಪತ್ರ ಬಂತು, ಅವ್ರು ಹಿಂದೆ ಆ ಮ್ಯೂಸಿಯಂನಲ್ಲೇ ಕೆಲ್ಸ ಮಾಡಿದ್ದವ್ರು, 3191 ನಂಬರಿನ ಫಲಕ ನೋಡಿ, ಕಾನೂನು ಇದ್ದಂಗಿದೆ ಅಂತ ಬರೆದಿದ್ರು. ನೋಡಿದ್ರೆ ಬ್ಯಾಬಿಲೋನಿನ ರಾಜ ಹಮ್ಮುರಾಬಿಯ ಕಾನೂನಿಗಿಂತ ಸುಮಾರು ಮುನ್ನೂರು ವರ್ಷ ಹಳೇ ಕಾನೂನು. ಹಮ್ಮುರಾಬಿಯಲ್ಲಿ ಕಣ್ಣಿಗೆ ಕಣ್ಣು ಅಂತ ಇದ್ರೆ ಇಲ್ಲಿ ಇನ್ನೊಬ್ಬನ ಕಾಲು ಕತ್ತರಿಸಿದವನು ಹತ್ತು ಶೆಕೆಲ್ ಬೆಳ್ಳಿ ದಂಡ ಕಟ್ಬೇಕು. ಹಳೇದಾದಷ್ಟೂ ಕ್ರೂರ ಅನ್ನೋ ನಮ್ಮ ಲೆಕ್ಕಾಚಾರ ಇಲ್ಲಿ ಹೊಂದಲ್ಲ.

ಅವ್ರು ಹೇಳಿದ್ದೆಲ್ಲ ಸರಿ ಅಂತ ನಾನು ಹೇಳಲ್ಲ. 1944ರ ಅವ್ರ ಪುರಾಣದ ಪುಸ್ತಕವನ್ನ ಥಾರ್ಕಿಲ್ಡ್ ಯಾಕೋಬ್ಸನ್ ಅನ್ನೋ ವಿದ್ವಾಂಸರು ಎರಡೇ ವರ್ಷದಲ್ಲಿ ಗಟ್ಟಿಯಾಗಿ ವಿಮರ್ಶೆ ಮಾಡಿದ್ರು. ಸುಮೇರಿಯನ್ನರ ಪುಣ್ಯಭೂಮಿ ದಿಲ್ಮುನ್ ಅಂದ್ರೆ ನಮ್ಮ ಸಿಂಧೂ ಕಣಿವೆ ಅಂತ ಕ್ರೇಮರ್ ವಾದ ಮಾಡಿದ್ರು, ಅದನ್ನ ಹೆಚ್ಚಿನವ್ರು ಒಪ್ಪಲಿಲ್ಲ, ದಿಲ್ಮುನ್ ಅಂದ್ರೆ ಬಹ್ರೇನ್ ಕಡೆ, ಸಿಂಧೂ ಸೀಮೆಗೆ ಅವ್ರು ಮೆಲುಹ್ಹ ಅಂತಿದ್ರು ಅನ್ನೋದೇ ಇವತ್ತಿನ ಅಭಿಪ್ರಾಯ. 1956ರಲ್ಲಿ ಬಂದ ಅವ್ರ ಜನಪ್ರಿಯ ಪುಸ್ತಕದಲ್ಲಿ ಮೊದಲ ಶಾಲೆ, ಮೊದಲ ಕಾನೂನು ಅಂತ ಎಲ್ಲದಕ್ಕೂ 'ಮೊದಲ' ಅಂತ ಹಚ್ಚಿರೋದು ನನಗೆ ಅಷ್ಟು ಹಿಡಿಸಲ್ಲ, ಸಿಕ್ಕಿರೋದ್ರಲ್ಲಿ ಮೊದಲು ಅಂತಷ್ಟೇ ಹೇಳಬಹುದು. ಆದ್ರೆ ಆ ಪುಸ್ತಕ ಬರದೇ ಇದ್ದಿದ್ರೆ ನಮ್ಮಂಥ ಸಾಮಾನ್ಯ ಓದುಗರಿಗೆ ಸುಮೇರ್ ಅನ್ನೋದು ಪಠ್ಯಪುಸ್ತಕದ ಒಂದು ಪ್ಯಾರಾ ಆಗೇ ಉಳೀತಿತ್ತು.

1968ರಲ್ಲಿ ರಿಟೈರ್ ಆದ್ರೂ ಕ್ರೇಮರ್ ಫಲಕ ಓದೋದು ಬಿಡ್ಲಿಲ್ಲ, 1990ರಲ್ಲಿ 93ನೇ ವಯಸ್ಸಿಗೆ ಫಿಲಡೆಲ್ಫಿಯಾದಲ್ಲೇ ತೀರಿಕೊಂಡ್ರು. ಈಗ ಆಕ್ಸ್‌ಫರ್ಡ್ ಯೂನಿವರ್ಸಿಟಿಯೋರು ಸುಮಾರು 400 ಸುಮೇರಿಯನ್ ರಚನೆಗಳನ್ನ, ಮೂಲ ಮತ್ತೆ ಇಂಗ್ಲಿಷ್ ಅನುವಾದ ಎರಡನ್ನೂ, ಇಂಟರ್ನೆಟ್‌ನಲ್ಲಿ ಪುಕ್ಕಟೆ ಇಟ್ಟಿದ್ದಾರೆ. ಓದೋ ಮನಸ್ಸಿದ್ರೆ ಇನಾನ್ನಾಳ ಪಾತಾಳಯಾತ್ರೆಯಿಂದ ಶುರುಮಾಡಿ, ಆಮೇಲೆ ಊರ್ ನಗರ ಹಾಳಾದಾಗಿನ ಶೋಕಗೀತೆ ಓದಿ, ಅದು ಸ್ವಲ್ಪ ಉದ್ದ ಇದೆ, ಒಂದೇ ಸಲಕ್ಕೆ ಮುಗಿಸೋಕೆ ಹೋಗ್ಬೇಡಿ. ಮಧ್ಯೆ ಮಧ್ಯೆ ಸಾಲು ತುಂಡಾಗಿ ಚುಕ್ಕಿ ಬರುತ್ತೆ, ಅಲ್ಲಿ ಫಲಕ ಒಡೆದಿದೆ ಅಂತರ್ಥ.