ಕ್ಯೂಬ್ಸ್ ಹಾಕೋಕೆ ಸರ್ಟಿಫೈಡ್ ಲ್ಯಾಪ್‌ಟಾಪೇ ಬೇಕಾ?

ಬೆಳಗಾವಿಯ ಯುವ ವಕೀಲರೊಬ್ಬರ ಪ್ರಶ್ನೆ: “ನಮಸ್ಕಾರ್ರಿ ಸರ. ಕಕ್ಷಿದಾರರ ಕಾಗದಪತ್ರ ಎಲ್ಲಾ ಲ್ಯಾಪ್‌ಟಾಪ್‌ನ್ಯಾಗ ಇರ್ತಾವ, ಅದಕ್ಕ ಕ್ಯೂಬ್ಸ್ ಓಎಸ್ ಹಾಕಬೇಕಂತ ಮಾಡೇನಿ. ಸರ್ಟಿಫೈಡ್ ಪಟ್ಟ್ಯಾಗ ಎಕ್ಸ್230 ಅಂತ ಐತಿ. ಇಲ್ಲೇ ಅಂಗಡ್ಯಾಗ ಹಳೇ ಥಿಂಕ್‌ಪ್ಯಾಡ್ ಎಕ್ಸ್230 ಅಗ್ಗದಾಗ ಸಿಗಾಕತ್ತೈತಿ. ತಗೊಂಡ್ರ ನಡೀತೈತೇನ್ರಿ?”

ಕ್ಯೂಬ್ಸ್ ಅಂದರೆ ಒಂದೊಂದು ಕೆಲಸವನ್ನೂ ಬೇರೆ ಬೇರೆ ಕೋಣೆಯಲ್ಲಿಟ್ಟು ಕಾಯುವ ಆಪರೇಟಿಂಗ್ ಸಿಸ್ಟಮ್; ಅದು ಆ ಯಂತ್ರದಲ್ಲಿ ನಡೆಯುತ್ತದೆ. ಆದರೆ ಆ ಯಂತ್ರ ಸರ್ಟಿಫೈಡ್ ಅಲ್ಲ, ಅಂದರೆ ಕ್ಯೂಬ್ಸ್ ತಂಡ ಪ್ರಮಾಣಪತ್ರ ಕೊಟ್ಟದ್ದಲ್ಲ. ಈಗ ದುಡ್ಡು ಹಾಕುವುದಾದರೆ ಎಕ್ಸ್230 ಬೇಡವೇ ಬೇಡ ಅನ್ನುತ್ತೇನೆ.

ನೀವು ಪಟ್ಟಿಯಲ್ಲಿ ನೋಡಿದ್ದು ಜರ್ಮನಿಯ ನೈಟ್ರೋಕೀ ಕಂಪನಿಯ ‘ನೈಟ್ರೋಪ್ಯಾಡ್ ಎಕ್ಸ್230’ ಇರಬೇಕು. ಒಡಲು 2012ರ ಲೆನೊವೊದ್ದೇ. ಆದರೆ ಯಂತ್ರ ಆನ್ ಆದೊಡನೆ ಮೊದಲು ಓಡುವ ಮೂಲ ಬಯೋಸ್ ಕಿತ್ತು, ಮುಕ್ತ ತಂತ್ರಾಂಶವಾದ ಕೋರ್‌ಬೂಟ್ ಮತ್ತು ಹೆಡ್ಸ್ ಕೂರಿಸಿದ್ದಾರೆ. ನೀವಿಲ್ಲದಾಗ ಯಾರಾದರೂ ಬೂಟ್ ಭಾಗಕ್ಕೆ ಕೈ ಹಾಕಿದ್ದರೆ, ಜೊತೆಗೆ ಬರುವ ಯುಎಸ್‌ಬಿ ಕೀಯ ದೀಪ ಹಸಿರಿನ ಬದಲು ಕೆಂಪು ತೋರಿಸುತ್ತದೆ. ಪ್ರಮಾಣಪತ್ರ ಸಿಕ್ಕಿರುವುದು ಆ ಇಡೀ ಜೋಡಣೆಗೆ, ಎಕ್ಸ್230 ಎಂಬ ಹೆಸರಿಗಲ್ಲ. ಅಂಗಡಿಯವರು “ಅದೇ ಮಾಡೆಲ್ರೀ” ಅಂದರೆ ಅದು ಅರ್ಧ ಸತ್ಯ.

ಇಷ್ಟು ಕಟ್ಟುನಿಟ್ಟು ಯಾಕೆ? ಕ್ಯೂಬ್ಸ್ ಝೆನ್ ಎಂಬ ಹೈಪರ್‌ವೈಸರ್ ಮೇಲೆ ನಿಂತಿದೆ: ಒಂದೇ ಕಂಪ್ಯೂಟರ್ ಒಳಗೆ ಹಲವು ವರ್ಚುವಲ್ (ತೋರಿಕೆಯ) ಕಂಪ್ಯೂಟರ್‌ಗಳನ್ನು ಓಡಿಸುವ ತಂತ್ರಾಂಶ ಅದು. ಕೇಸಿನ ಕಡತ ಒಂದು ವರ್ಚುವಲ್ ಯಂತ್ರದಲ್ಲಿ, ಬ್ಯಾಂಕು ಇನ್ನೊಂದರಲ್ಲಿ, ಗುರುತಿಲ್ಲದವರು ಕಳಿಸಿದ ಪಿಡಿಎಫ್ ತೆರೆಯಲು ಬಳಸಿ ಎಸೆಯುವಂಥದ್ದು ಮತ್ತೊಂದು. ವೈಫೈ ಕಾರ್ಡನ್ನೂ ಪ್ರತ್ಯೇಕ ವರ್ಚುವಲ್ ಯಂತ್ರಕ್ಕೆ ತಳ್ಳುತ್ತದೆ. ಆ ಕಾರ್ಡ್ ಶತ್ರುವಿನ ಕೈಗೆ ಸಿಕ್ಕರೂ ಉಳಿದ ವರ್ಚುವಲ್ ಯಂತ್ರಗಳ ಮೆಮೊರಿ ಓದದಂತೆ ತಡೆಯುವುದು ಐಒಎಂಎಂಯು ಎಂಬ ಹಾರ್ಡ್‌ವೇರ್ ಸೌಲಭ್ಯ. ಇಂಟೆಲ್‌ನಲ್ಲಿ ವಿಟಿ-ಡಿ, ಎಎಂಡಿಯಲ್ಲಿ ಎಎಂಡಿ-ವಿಐ. ಪ್ರೊಸೆಸರ್‌ನಲ್ಲಿ ಇದ್ದರೆ ಸಾಲದು, ಬಯೋಸ್ ಅದನ್ನು ಸರಿಯಾಗಿ ಚಾಲೂ ಮಾಡಬೇಕು. ಎಷ್ಟೋ ಲ್ಯಾಪ್‌ಟಾಪ್‌ಗಳು ಮುಗ್ಗರಿಸುವುದು ಇಲ್ಲೇ. ಪ್ರಮಾಣಪತ್ರಕ್ಕೆ ಬೂಟ್ ಫರ್ಮ್‌ವೇರ್ (ಬಯೋಸ್ ಜಾಗದ ತಂತ್ರಾಂಶ) ಮುಕ್ತವಾಗಿರಬೇಕು ಎಂಬ ಷರತ್ತೂ ಇದೆ. ಇಂಟೆಲ್‌ನ ಕೆಲವು ಮುಚ್ಚಿದ ತುಣುಕುಗಳಿಗಷ್ಟೇ ವಿನಾಯಿತಿ.

ಹಾಗಾದರೆ ನೈಟ್ರೋಪ್ಯಾಡ್ ಎಕ್ಸ್230 ತರಿಸಿದರಾಯಿತಲ್ಲ ಅನ್ನಬೇಡಿ. ಅದರ ಪ್ರೊಸೆಸರ್‌ಗೆ ಇಂಟೆಲ್ ಮೈಕ್ರೋಕೋಡ್ ಅಪ್‌ಡೇಟ್ (ಪ್ರೊಸೆಸರ್‌ನ ಒಳಗಿನ ದೋಷ ಮುಚ್ಚುವ ತಿದ್ದುಪಡಿ) ನಿಲ್ಲಿಸಿದೆ. ಕ್ಯೂಬ್ಸ್ ತಂಡವೇ, ಪ್ರಮಾಣಪತ್ರ ಉಳಿಸಿಕೊಂಡೂ, ಇನ್ನೂ ಹೊಸದು ನೋಡಿ ಎಂದು ಎಚ್ಚರಿಸಿದೆ. ಹೊಸ ಸರ್ಟಿಫೈಡ್ ಯಂತ್ರಗಳು ನೈಟ್ರೋಕೀ ಹಾಗೂ ನೆದರ್ಲೆಂಡ್ಸ್‌ನ ನೋವಾಕಸ್ಟಮ್‌ನಲ್ಲಿವೆ. ಸಾಗಣೆ, ಸುಂಕ ಕೂಡಿದರೆ ಕೈ ಸುಡುತ್ತದೆ. ರಿಪೇರಿಗೆ ಬೆಳಗಾವಿಯಲ್ಲಿ ಎಲ್ಲಿಗೆ ಹೋಗುವುದು ಎಂಬುದೂ ಪ್ರಶ್ನೆಯೇ. ಯಂತ್ರವನ್ನು ಯಾರಾದರೂ ಕೈಯಾರೆ ಮುಟ್ಟಿ ತಿದ್ದಿಯಾರು ಎಂಬ ಭಯ ನಿಜಕ್ಕೂ ಇದ್ದವರಿಗೆ ಆ ಖರ್ಚು ನ್ಯಾಯ.

ನಿಮ್ಮ ಕೆಲಸಕ್ಕೆ ಇನ್ನೊಂದು ಪಟ್ಟಿ ಸಾಕು: ಎಚ್‌ಸಿಎಲ್, ಅಂದರೆ ಕ್ಯೂಬ್ಸ್‌ಗೆ ಹೊಂದುವ ಹಾರ್ಡ್‌ವೇರ್‌ನ ಪಟ್ಟಿ. ಬಳಕೆದಾರರೇ ತಮ್ಮ ಯಂತ್ರದಲ್ಲಿ ಏನು ನಡೆಯಿತು, ಏನು ಕೈಕೊಟ್ಟಿತು ಎಂದು ಬರೆದು ಕಳಿಸಿದ ವರದಿಗಳವು. ಯಾರ ಗ್ಯಾರಂಟಿಯೂ ಇಲ್ಲ, ಆದರೆ ಪ್ರಾಮಾಣಿಕ. ಮಾಡೆಲ್ ಜೊತೆ ಬಯೋಸ್ ಆವೃತ್ತಿಯನ್ನೂ ಹೋಲಿಸಿ. ಇಂಟೆಲ್‌ನ ಒಳ ಗ್ರಾಫಿಕ್ಸ್ ಇರಲಿ, ಎನ್‌ವಿಡಿಯಾ ತಲೆನೋವು. ಕನಿಷ್ಠ 6 ಜಿಬಿ ರ‍್ಯಾಮ್ ಅನ್ನುತ್ತಾರೆ. 16ಕ್ಕಿಂತ ಕಡಿಮೆ ಇದ್ದರೆ ನಾಲ್ಕು ಕಿಟಕಿ ತೆರೆಯುವಷ್ಟರಲ್ಲಿ ಏದುಸಿರು ಬಿಡುತ್ತದೆ.

ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ಪರೀಕ್ಷಿಸಬಹುದು. ಹೊರಗಿನ ಎಸ್‌ಎಸ್‌ಡಿಗೆ ಕ್ಯೂಬ್ಸ್ ಇನ್‌ಸ್ಟಾಲ್ ಮಾಡಿಕೊಂಡು ಹೋಗಿ, ಸೆಕ್ಯೂರ್ ಬೂಟ್ ಆಫ್ ಮಾಡಿ ಅದರಿಂದಲೇ ಯಂತ್ರ ಎಬ್ಬಿಸಿ. ಕ್ಯೂಬ್ಸ್‌ನ ಆಡಳಿತ ನಡೆಸುವ ‘ಡಾಮ್‌ಝೀರೋ’ (dom0) ಎಂಬ ಭಾಗದ ಟರ್ಮಿನಲ್‌ನಲ್ಲಿ ಎಚ್‌ಸಿಎಲ್ ರಿಪೋರ್ಟ್ ಕಮಾಂಡ್ ಕೊಟ್ಟರೆ ಎಚ್‌ವಿಎಂ (ವರ್ಚುವಲ್ ಯಂತ್ರ ಓಡಿಸಲು ಹಾರ್ಡ್‌ವೇರ್ ಕೊಡುವ ನೆರವು), ಐಒಎಂಎಂಯು ಎರಡರ ಮುಂದೆಯೂ ‘ಆ್ಯಕ್ಟಿವ್’ ಅಂತ ಬರಬೇಕು. ಆಮೇಲೆ ಮುಚ್ಚಳ ಮುಚ್ಚಿ ತೆರೆಯಿರಿ: ನಿದ್ದೆಯಿಂದ ಎದ್ದು ವೈಫೈ ಮತ್ತೆ ಹಿಡಿಯುತ್ತದೆಯೇ? ಅಂಗಡಿಯವರು ಇದಕ್ಕೆ ಒಪ್ಪದಿದ್ದರೆ ಬೇರೆ ಅಂಗಡಿ.

ವಕೀಲರಾದ್ದರಿಂದ ಇನ್ನೊಂದು ಮಾತು. ಇ-ಫೈಲಿಂಗ್‌ಗೆ ಡಿಜಿಟಲ್ ಸಹಿಯ ಟೋಕನ್ ಬಳಸುತ್ತೀರಾದರೆ, ಕ್ಯೂಬ್ಸ್‌ನಲ್ಲಿ ಅದನ್ನು ಬೇಕಾದ ವರ್ಚುವಲ್ ಯಂತ್ರಕ್ಕೆ ನೀವೇ ಜೋಡಿಸಬೇಕು. ಕನ್ನಡ ಟೈಪಿಂಗ್‌ನ ‘ನುಡಿ’ ತಂತ್ರಾಂಶಕ್ಕೆ ವಿಂಡೋಸ್ ಬೇಕಾದ್ದರಿಂದ ಅದಕ್ಕೊಂದು ಪ್ರತ್ಯೇಕ ವಿಂಡೋಸ್ ವರ್ಚುವಲ್ ಯಂತ್ರ ಕಟ್ಟಬೇಕು. ಇವೆರಡಕ್ಕೂ ಯಾವ ಪ್ರಮಾಣಪತ್ರವೂ ಹೊಣೆ ಹೊರುವುದಿಲ್ಲ. ಅವು ಸರಿಯಾಗಿ ನಡೆಯುವವರೆಗೆ ಹಳೇ ಲ್ಯಾಪ್‌ಟಾಪ್ ಮಾರಬೇಡಿ.