ಕೆರೆ ಏರಿಗೊಂದು ಲೆಕ್ಕ, ಬೋರ್‌ವೆಲ್‌ಗೊಂದು ಲೆಕ್ಕ

2021ರ ಏಪ್ರಿಲ್‌ನಲ್ಲಿ ಅಮೆರಿಕದ ಸಿನ್ಸಿನಾಟಿಯ ಫುಟ್‌ಬಾಲ್ ಅಭಿಮಾನಿಗಳು ಎರಡು ಪಾಲಾಗಿದ್ದರು. ಒಂದು ಪಾಲಿಗೆ ಪೆನೇ ಸೂವೆಲ್ ಬೇಕು, ಇನ್ನೊಂದು ಪಾಲಿಗೆ ಜಮಾರ್ ಚೇಸ್ ಬೇಕು. ಸೂವೆಲ್ ಸುಮಾರು 150 ಕಿಲೋ ತೂಕದ ಹುಡುಗ, ಎದುರಾಳಿಗಳನ್ನು ಮೈಯೊಡ್ಡಿ ತಡೆಯುವ ಟ್ಯಾಕಲ್. ಚೇಸ್ ಓಡಿಹೋಗಿ ಚೆಂಡು ಹಿಡಿಯುವ ರಿಸೀವರ್. ಊರಿನ ತಂಡವಾದ ಬೆಂಗಾಲ್ಸ್ ಇಬ್ಬರಲ್ಲಿ ಒಬ್ಬನನ್ನು ಆರಿಸಬೇಕಿತ್ತು.

ಇದು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಅಮೆರಿಕನ್ ಫುಟ್‌ಬಾಲ್. ಐಪಿಎಲ್‌ನಲ್ಲಿ ಹರಾಜು ನಡೆಯುತ್ತದೆ ಅಲ್ವಾ, ಇಲ್ಲಿ ಡ್ರಾಫ್ಟ್ ನಡೆಯುತ್ತದೆ. ದುಡ್ಡು ಕೂಗುವುದಿಲ್ಲ, ಸರದಿಯ ಮೇಲೆ ಹೊಸ ಹುಡುಗರನ್ನು ಆರಿಸುತ್ತಾರೆ. 32 ತಂಡ, 7 ಸುತ್ತು. ಕಳೆದ ವರ್ಷ ಎಲ್ಲರಿಗಿಂತ ಜಾಸ್ತಿ ಸೋತವರಿಗೆ ಮೊದಲ ಸರದಿ. ಬೆಂಗಾಲ್ಸ್ 2019ರಲ್ಲಿ 16 ಆಟದಲ್ಲಿ 2 ಗೆದ್ದು, ಮೊದಲ ಸರದಿಯಲ್ಲಿ ಜೋ ಬರೋ ಎಂಬ ಕ್ವಾರ್ಟರ್‌ಬ್ಯಾಕನ್ನು ತಂದಿತ್ತು. ಚೆಂಡು ಎಸೆಯುವವನು, ಆಟ ನಡೆಸುವವನು ಅವನೇ. 2020ರ ನವೆಂಬರ್‌ನಲ್ಲಿ ಎದುರಾಳಿಗಳು ಮೈಮೇಲೆ ಬಿದ್ದು ಬರೋನ ಮೊಣಕಾಲಿನ ಅಸ್ಥಿರಜ್ಜು ಹರಿಯಿತು. ಆ ವರ್ಷ ಗೆದ್ದದ್ದು ಬರೀ 4. ಹಾಗಾಗಿ 2021ರಲ್ಲಿ ಐದನೇ ಸರದಿ ಸಿಕ್ಕಿತು.

ಮೊಣಕಾಲು ಮುರಿದುಕೊಂಡ ಹುಡುಗನಿಗೆ ಮೊದಲು ಕಾವಲು ಬೇಡವೇ? ಸೂವೆಲ್ ಪಕ್ಷದವರ ವಾದ ಇಷ್ಟೇ. ಕೇಳಿದರೆ ಯಾರಿಗಾದರೂ ಸರಿ ಅನ್ನಿಸುತ್ತದೆ. ಆದರೂ ಬೆಂಗಾಲ್ಸ್ ಚೇಸ್‌ನನ್ನು ಆರಿಸಿತು. ಎರಡು ಸರದಿ ಬಿಟ್ಟು ಡೆಟ್ರಾಯ್ಟ್‌ನ ಲಯನ್ಸ್ ತಂಡ ಸೂವೆಲ್‌ನನ್ನು ಎತ್ತಿಕೊಂಡಿತು.

ಸೋಲುವ ತಂಡ ಮೊದಲು ಯಾವ ಜಾಗ ತುಂಬಬೇಕು ಅಂತ ಜನ ಕೇಳುತ್ತಾರೆ. ನನಗೆ ಈ ಪ್ರಶ್ನೆಗಿಂತ ಇದರ ಹಿಂದಿರುವ ಲೆಕ್ಕ ಇಷ್ಟ. ಆ ಲೆಕ್ಕ ಒಂದಲ್ಲ, ಎರಡು. ಅವೆರಡನ್ನೂ ಒಂದೇ ಅಂದುಕೊಂಡರೆ ಎಲ್ಲಾ ಕೆಡುತ್ತದೆ.

ಮೊದಲನೆಯದು ಕೆರೆ ಏರಿಯ ಲೆಕ್ಕ. ಏರಿ ಒಂದು ಮೈಲಿ ಉದ್ದ ಇರಲಿ, ಎಲ್ಲಾ ಕಡೆ ಕಲ್ಲು ಕಟ್ಟಿರಲಿ. ಒಂದೇ ಒಂದು ಕಡೆ ಹೆಗ್ಗಣ ಬಿಲ ತೋಡಿದ್ದರೆ ನೀರು ಅಲ್ಲೇ ನುಗ್ಗುತ್ತದೆ, ಕೆರೆ ಬರಿದಾಗುತ್ತದೆ. ಗಟ್ಟಿ ಇರುವ ಕಡೆ ಇನ್ನೆರಡು ಸಾಲು ಕಲ್ಲು ಹಾಕಿದರೆ ಏನೂ ಬರುವುದಿಲ್ಲ. ಎರಡನೆಯದು ಬೋರ್‌ವೆಲ್ ಲೆಕ್ಕ. ಮೂರು ಕಡೆ ಕೊರೆಸಿ, ಎರಡು ಒಣಗಿರಲಿ. ಒಂದರಲ್ಲಿ ಮೂರಿಂಚು ನೀರು ಬಂದರೆ ತೋಟ ಉಳಿಯಿತು. ಏರಿಯಲ್ಲಿ ಅತಿ ದುರ್ಬಲ ಜಾಗ ಇಡೀ ಕೆರೆಯ ಹಣೆಬರಹ ಬರೆಯುತ್ತದೆ. ಬೋರ್‌ವೆಲ್‌ನಲ್ಲಿ ಅತಿ ಒಳ್ಳೆಯದೊಂದು ಉಳಿದದ್ದನ್ನೆಲ್ಲ ಮರೆಸುತ್ತದೆ.

ಕ್ವಾರ್ಟರ್‌ಬ್ಯಾಕ್ ಮುಂದೆ ಐದು ಜನ ದಪ್ಪನೆಯ ಆಳುಗಳು ಸಾಲಾಗಿ ನಿಲ್ಲುತ್ತಾರೆ. ಅದಕ್ಕೆ ಲೈನ್ ಅನ್ನುತ್ತಾರೆ. ಅದು ಏರಿ. ಚೆಂಡು ಹಿಡಿಯಲು ಓಡುವ ರಿಸೀವರ್‌ಗಳು ಬೋರ್‌ವೆಲ್.

ಸ್ವಲ್ಪ ಸಂಖ್ಯೆ ಹಾಕಿ ನೋಡೋಣ. ಇವು ಲೆಕ್ಕ ತಿಳಿಯಲಿ ಅಂತ ನಾನು ಹಿಡಿದ ಸಂಖ್ಯೆಗಳು. ಲೈನಿನ ನಾಲ್ಕು ಜನ 100ಕ್ಕೆ 95 ಸಲ ತಮ್ಮ ಎದುರಾಳಿಯನ್ನು ತಡೆಯುತ್ತಾರೆ, ಐದನೆಯವನು 80 ಸಲ ಅನ್ನಿ. ಐದೂ ಜನ ಒಟ್ಟಿಗೆ ತಡೆಯುವ ಸಂಭವ ಬೇಕಾದರೆ ಗುಣಿಸಬೇಕು. ಉತ್ತರ ಸುಮಾರು 65. ಗಮನಿಸಿ, ಐವರಲ್ಲಿ ಯಾರೊಬ್ಬರದೂ ಇಷ್ಟು ಕಡಿಮೆ ಇರಲಿಲ್ಲ! ಈಗ 95ರವನ ಜಾಗಕ್ಕೆ 99ರ ಮಹಾವೀರನನ್ನು ತನ್ನಿ. ಒಟ್ಟು 68 ಆಗುತ್ತದೆ. ಅವನನ್ನು ಬಿಟ್ಟು, 80ರವನ ಜಾಗಕ್ಕೆ 90ರ ಸಾಧಾರಣ ಆಟಗಾರನನ್ನು ತನ್ನಿ. 73ಕ್ಕೆ ಏರುತ್ತದೆ. ಮಹಾವೀರನಿಗಿಂತ ಸಾಧಾರಣದವನೇ ಹೆಚ್ಚು ಉಪಕಾರ ಮಾಡಿದ.

ರಿಸೀವರ್‌ಗಳಲ್ಲಿ ಇದು ತಲೆಕೆಳಗು. ಮೂವರು ಕಾವಲು ತಪ್ಪಿಸಿಕೊಳ್ಳುವ ಸಂಭವ 50, 30, 20 ಅನ್ನಿ. ಒಬ್ಬನಾದರೂ ಬಿಡುವಾಗಿ ಸಿಗುವ ಸಂಭವ 72. ಅತಿ ಒಳ್ಳೆಯವನಿಗೆ 20 ಸೇರಿಸಿ 70 ಮಾಡಿದರೆ ಒಟ್ಟು 83. ಅದೇ 20ನ್ನು ಅತಿ ಸಾಧಾರಣದವನಿಗೆ ಕೊಟ್ಟರೆ 79. ಇಲ್ಲಿ ಬಲಶಾಲಿಗೇ ಬಲ ತುಂಬುವುದು ಲಾಭ.

ಏರಿಯ ಲೆಕ್ಕ ಆಟದಾಚೆಗೂ ಎಲ್ಲೆಲ್ಲೂ ಇದೆ. ಬೆಳೆಗೆ ಸಾರಜನಕ, ರಂಜಕ, ಪೊಟ್ಯಾಷ್ ಎಷ್ಟು ಸುರಿದರೂ ಸತು ಕಡಿಮೆ ಇದ್ದರೆ ಭತ್ತ ಮೇಲೇಳುವುದಿಲ್ಲ. ಯಾವ ಪೋಷಕಾಂಶ ಅತಿ ಕಡಿಮೆಯೋ ಅದೇ ಇಳುವರಿಯನ್ನು ಹಿಡಿದಿಡುತ್ತದೆ ಎಂದು 1828ರಲ್ಲಿ ಜರ್ಮನಿಯ ಕಾರ್ಲ್ ಸ್ಪ್ರೆಂಗೆಲ್ ಬರೆದ. ಆಮೇಲೆ ಅದನ್ನು ಮನೆಮಾತು ಮಾಡಿದವನು ರಸಾಯನಶಾಸ್ತ್ರಜ್ಞ ಲೀಬಿಗ್. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಗಗನನೌಕೆ ಹಾರಿದ 73 ಸೆಕೆಂಡಿನಲ್ಲಿ ಒಡೆದು ಏಳು ಜನ ತೀರಿಕೊಂಡರು. ಆ ನೌಕೆಯ ಲಕ್ಷಾಂತರ ಭಾಗಗಳು ಸರಿಯಾಗಿದ್ದವು. ಚಳಿಗೆ ಗಡಸಾದ ಒಂದು ರಬ್ಬರ್ ಉಂಗುರ ಕೈಕೊಟ್ಟಿತ್ತು. ಓ-ರಿಂಗ್ ಎಂದು ಅದರ ಹೆಸರು. 1993ರಲ್ಲಿ ಮೈಕೆಲ್ ಕ್ರೇಮರ್ ಎಂಬ ಅರ್ಥಶಾಸ್ತ್ರಜ್ಞ ಆ ಹೆಸರನ್ನೇ ತೆಗೆದುಕೊಂಡು ಒಂದು ಸಿದ್ಧಾಂತ ಕಟ್ಟಿದರು. ಒಂದು ಕೆಲಸದ ಎಲ್ಲಾ ಹಂತಗಳೂ ಒಂದಕ್ಕೊಂದು ಗುಣಿಸಿಕೊಳ್ಳುವಂತಿದ್ದರೆ, ಒಂದು ಹಂತದ ತಪ್ಪು ಉಳಿದವರ ಶ್ರಮವನ್ನೆಲ್ಲ ತಿಂದುಹಾಕುತ್ತದೆ ಎಂದು ತೋರಿಸಿದರು.

ಡ್ರಾಫ್ಟ್ ಹುಟ್ಟಿದ್ದೂ ಈ ಯೋಚನೆಯಿಂದಲೇ, ಅದು ನನಗೆ ಬಹಳ ಖುಷಿ ಕೊಡುವ ಸಂಗತಿ. 1935ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡದ ಮಾಲೀಕ ಬರ್ಟ್ ಬೆಲ್ ಇದನ್ನು ಮುಂದಿಟ್ಟ. ಲೀಗ್ ಒಂದು ಸರಪಳಿ, ಅದರ ಅತಿ ದುರ್ಬಲ ಕೊಂಡಿಯಷ್ಟೇ ಅದರ ಬಲ ಎಂಬುದು ಅವನ ವಾದ. ದುಡ್ಡಿದ್ದ ತಂಡಗಳೇ ಒಳ್ಳೆಯವರನ್ನೆಲ್ಲ ಬಾಚಿಕೊಂಡರೆ ಆಟ ನೋಡಲು ಯಾರು ಬರುತ್ತಾರೆ? 1936ರ ಫೆಬ್ರವರಿ 8ರಂದು ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಬೆಲ್‌ನ ತಂಡವೇ ಕೊನೆಯಲ್ಲಿತ್ತು, ಹಾಗಾಗಿ ಮೊದಲ ಸರದಿ ಅವನದೇ. ಜೇ ಬರ್ವಾಂಗರ್ ಎಂಬ ಆಗಿನ ಅತಿ ಪ್ರಸಿದ್ಧ ಕಾಲೇಜು ಆಟಗಾರನನ್ನು ಆರಿಸಿದ. ಸಂಬಳ ಕೂಡಿಬರಲಿಲ್ಲ. ಬರ್ವಾಂಗರ್ ವೃತ್ತಿಪರ ಲೀಗಿನಲ್ಲಿ ಒಂದು ಆಟವನ್ನೂ ಆಡಲಿಲ್ಲ.

ಅಂದರೆ ಮೊಟ್ಟಮೊದಲ ಆಯ್ಕೆಯೇ ನೀರಿಲ್ಲದ ಬೋರ್‌ವೆಲ್. ಇಷ್ಟಾದರೂ ಪ್ರತಿ ವರ್ಷ ಡ್ರಾಫ್ಟ್ ಹತ್ತಿರ ಬಂದರೆ ಪಂಡಿತರು ಟೀವಿಯಲ್ಲಿ ಕೂತು, ಈ ಹುಡುಗ ಖಂಡಿತ ಮಿಂಚುತ್ತಾನೆ, ಅವನು ಖಂಡಿತ ಕೆಡುತ್ತಾನೆ ಎಂದು ಹೇಳುತ್ತಾರೆ. ನಮ್ಮ ಕಡೆ ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆದು ನೀರು ತೋರಿಸುವವರು ನೆನಪಾಗುತ್ತಾರೆ. ನೀರು ಬಂದ ಜಾಗವನ್ನು ಊರೆಲ್ಲ ನೆನಪಿಡುತ್ತದೆ. ಬಾರದ ಜಾಗದಲ್ಲಿ ಸಾಲ ಮಾಡಿದ ರೈತ ಒಬ್ಬನೇ ನೆನಪಿಡುತ್ತಾನೆ. ಈ ಮರೆವು ನನಗೆ ನಿಜವಾಗಿ ಚಿಂತೆಯ ವಿಷಯ, ಆಟದಲ್ಲಾದರೂ ಹೊಲದಲ್ಲಾದರೂ.

ಇದನ್ನು ಅಳೆದು ನೋಡಿದವರಿದ್ದಾರೆ. ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಎಂಬ ಸಂಶೋಧಕರು ಹಲವು ವರ್ಷಗಳ ಡ್ರಾಫ್ಟ್ ಕಲೆಹಾಕಿ ಒಂದು ಸರಳ ಪ್ರಶ್ನೆ ಕೇಳಿದರು. ಒಂದೇ ಜಾಗಕ್ಕೆ ಮೊದಲು ಆರಿಸಿದವನು, ಅವನ ನಂತರ ಅದೇ ಜಾಗಕ್ಕೆ ಆರಿಸಿದವನಿಗಿಂತ ಚೆನ್ನಾಗಿ ಆಡಿದನೇ? 100ಕ್ಕೆ ಸುಮಾರು 52 ಸಲ ಹೌದು. ನಾಣ್ಯ ಚಿಮ್ಮಿದರೆ 50. ಕೋಟಿಗಟ್ಟಲೆ ಡಾಲರ್ ಖರ್ಚಿನ ಆಟಗಾರರ ಹುಡುಕಾಟ, ಸಂದರ್ಶನ, ಓಟದ ಪರೀಕ್ಷೆ ಎಲ್ಲಾ ಸೇರಿ ಕೊಟ್ಟದ್ದು ಎರಡು. 2017ರಲ್ಲಿ ಶಿಕಾಗೋ ಬೇರ್ಸ್ ತಮ್ಮ ಮೂರನೇ ಸರದಿಯ ಜೊತೆ ಇನ್ನೂ ಕೆಲವು ಸರದಿ ಕೊಟ್ಟು ಎರಡನೇ ಸರದಿ ಕೊಂಡು, ಮಿಚೆಲ್ ಟ್ರುಬಿಸ್ಕಿ ಎಂಬ ಕ್ವಾರ್ಟರ್‌ಬ್ಯಾಕನ್ನು ತಂದರು. ಆಮೇಲೆ ಲೀಗಿನ ದಿಗ್ಗಜ ಕ್ವಾರ್ಟರ್‌ಬ್ಯಾಕ್ ಆದ ಪ್ಯಾಟ್ರಿಕ್ ಮಹೋಮ್ಸ್ ಹತ್ತನೇ ಸರದಿಯಲ್ಲಿ ಇನ್ನೂ ಉಳಿದಿದ್ದ. ಅಂಥ ಇನ್ನೊಬ್ಬ ದಿಗ್ಗಜ ಟಾಮ್ ಬ್ರೇಡಿಯನ್ನು ಅವನ ವರ್ಷದ ಡ್ರಾಫ್ಟಿನಲ್ಲಿ ಆರಿಸುವ ಹೊತ್ತಿಗೆ 198 ಜನ ಹೋಗಿಯಾಗಿತ್ತು.

ಈಗ ಎರಡು ಲೆಕ್ಕಕ್ಕೂ ಈ ಅನಿಶ್ಚಿತತೆಯನ್ನು ಸೇರಿಸಿ. ಬೋರ್‌ವೆಲ್ ಇದ್ದಲ್ಲಿ ಜೂಜು ಒಳ್ಳೆಯದು. ಬಂದರೆ ಬಂಗಾರ, ಬಾರದಿದ್ದರೆ ಪಕ್ಕದ್ದು ಇದೆ. ಏರಿಯಲ್ಲಿ ಜೂಜು ಆಡಬಾರದು. ಅಲ್ಲಿ ಬೇಕಾದದ್ದು ಭರವಸೆ. ಕಾಲೇಜಿನಿಂದ ಈಗಷ್ಟೇ ಬಂದ ಹುಡುಗ ಎಷ್ಟೇ ಪ್ರತಿಭಾವಂತನಾದರೂ ಮೊದಲೆರಡು ವರ್ಷ ತೂತಾಗಬಹುದು. ನಾಲ್ಕೈದು ವರ್ಷ ಆಡಿ ಸವೆದ, ಎಲ್ಲರಿಗೂ ಗುಣ ಗೊತ್ತಿರುವ ಸಾಧಾರಣ ಆಟಗಾರನೇ ಅಲ್ಲಿಗೆ ಲೇಸು. ಅಂಥವರು ಡ್ರಾಫ್ಟಿನಲ್ಲಿ ಸಿಗುವುದಿಲ್ಲ, ದುಡ್ಡು ಕೊಟ್ಟು ಕೊಳ್ಳಬೇಕು. ಹಾಗಾಗಿ ನನ್ನ ಉತ್ತರ ಇದು. ಕ್ವಾರ್ಟರ್‌ಬ್ಯಾಕ್ ಇಲ್ಲದಿದ್ದರೆ ಮೊದಲು ಅವನನ್ನು ಹುಡುಕಬೇಕು, ಏಕೆಂದರೆ ಅವನು ಪ್ರತಿ ಗುಣಾಕಾರದಲ್ಲೂ ಇರುತ್ತಾನೆ. ಮೊದಲ ಒಪ್ಪಂದದಲ್ಲಿ ಅಗ್ಗವಾಗಿಯೂ ಸಿಗುತ್ತಾನೆ. ಬರೋ ಮೊದಲು ಸಹಿ ಹಾಕಿದ್ದು 4 ವರ್ಷಕ್ಕೆ ಸುಮಾರು 3.6 ಕೋಟಿ ಡಾಲರಿಗೆ, 2023ರಲ್ಲಿ 5 ವರ್ಷಕ್ಕೆ 27.5 ಕೋಟಿಗೆ. ಕ್ವಾರ್ಟರ್‌ಬ್ಯಾಕ್ ಇದ್ದರೆ ದೊಡ್ಡ ಸರದಿಯನ್ನು ಬೋರ್‌ವೆಲ್ ಜಾಗಕ್ಕೆ ಹಾಕಿ. ಏರಿಗೆ ಸಣ್ಣ ಸಣ್ಣ ಸರದಿ ಹಲವು, ಜೊತೆಗೆ ಮಾರುಕಟ್ಟೆಯ ಅನುಭವಿಗಳು.

ಬೆಂಗಾಲ್ಸ್ ಅರ್ಧ ಇದನ್ನೇ ಮಾಡಿತು. ಚೇಸ್ ಮೊದಲ ವರ್ಷವೇ 1,455 ಗಜ ಗಳಿಸಿದ. 2022ರ ಫೆಬ್ರವರಿಯಲ್ಲಿ ತಂಡ ಸೂಪರ್ ಬೌಲ್ ಫೈನಲ್‌ಗೆ ಹೋಯಿತು. ಲೈನಿಗೆ ಅದೇ ಡ್ರಾಫ್ಟಿನಲ್ಲಿ ಎರಡನೇ, ನಾಲ್ಕನೇ, ಆರನೇ ಸುತ್ತಿನಲ್ಲಿ ಮೂವರು ಹುಡುಗರನ್ನು ತಂದಿದ್ದರು. ಮೂವರೂ ನಿಲ್ಲಲಿಲ್ಲ. ಮಾರುಕಟ್ಟೆಯಿಂದ ತಂದ ಒಬ್ಬ ಅನುಭವಿ ಗಾಯವಾಗಿ ಹೊರಗಿದ್ದ. ಆ ವರ್ಷ ಲೀಗಿನಲ್ಲೇ ಅತಿ ಹೆಚ್ಚು ಸಲ ನೆಲಕ್ಕೆ ಬಿದ್ದವನು ಬರೋ, 51 ಸಲ. ಫೈನಲ್‌ನಲ್ಲಿ ಮತ್ತೆ 7 ಸಲ.

ಆ ಫೈನಲ್‌ನ ಕೊನೆಯ ದಾಳಿ ನನ್ನ ಕಣ್ಣಿಂದ ಹೋಗುವುದಿಲ್ಲ. ಒಂದು ನಿಮಿಷವೂ ಉಳಿದಿಲ್ಲ, 3 ಅಂಕ ಹಿಂದೆ, ಚೆಂಡು ಕೈಲಿ ಉಳಿಯಲು ಇನ್ನೊಂದು ಗಜ ಬೇಕು. ದೂರದಲ್ಲಿ ಚೇಸ್ ಕಾವಲುಗಾರನನ್ನು ಹಿಂದೆ ಹಾಕಿ ಒಬ್ಬನೇ ಓಡುತ್ತಿದ್ದಾನೆ. ಬೋರ್‌ವೆಲ್‌ನಲ್ಲಿ ನೀರು ಬಂದಿದೆ! ಆದರೆ ಅಷ್ಟರಲ್ಲಿ ಎದುರಾಳಿ ತಂಡವಾದ ರ‍್ಯಾಮ್ಸ್‌ನ ಆರನ್ ಡೊನಾಲ್ಡ್ ಲೈನ್ ಸೀಳಿಕೊಂಡು ಬಂದು ಬರೋನನ್ನು ಹಿಡಿದು ತಿರುಗಿಸಿದ. ಚೆಂಡು ಎಲ್ಲೋ ಹೋಯಿತು. 23–20, ಆಟ ಮುಗಿಯಿತು. ಡೊನಾಲ್ಡ್ ನುಗ್ಗಿದ್ದು ಗಾರ್ಡ್ ನಿಲ್ಲುವ ಒಳಭಾಗದಿಂದ. ಸೂವೆಲ್ ಟ್ಯಾಕಲ್, ಅವನು ನಿಲ್ಲುವುದು ಸಾಲಿನ ತುದಿಯಲ್ಲಿ. ಸೂವೆಲ್ ಇದ್ದಿದ್ದರೂ ಆ ತೂತು ತೂತಾಗಿಯೇ ಇರುತ್ತಿತ್ತು.

ಏರಿಯನ್ನು ಚೆನ್ನಾಗಿ ಕಟ್ಟಿದವರನ್ನು ನೋಡಬೇಕಾದರೆ ಬೆಲ್‌ನ ಹಳೆಯ ತಂಡವನ್ನೇ ನೋಡಿ. 2024ರ ಈಗಲ್ಸ್ ಲೈನಿನಲ್ಲಿ ಒಬ್ಬ ನಾಲ್ಕನೇ ಸರದಿಯವನು, ಇಬ್ಬರು ಎರಡನೇ ಸುತ್ತಿನವರು, ಒಬ್ಬ ಬೇರೆ ತಂಡ ಬಿಟ್ಟುಕೊಟ್ಟವನು. ಐದನೆಯವನು ಜೋರ್ಡನ್ ಮೈಲಾಟ, ಆಸ್ಟ್ರೇಲಿಯಾದ ರಗ್ಬಿ ಹುಡುಗ. 2018ರಲ್ಲಿ ಏಳನೇ ಸುತ್ತಿನಲ್ಲಿ ಆರಿಸಿದಾಗ ಅವನು ಈ ಆಟವನ್ನು ಒಮ್ಮೆಯೂ ಆಡಿರಲಿಲ್ಲ. ಅದೇ 2018ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಎರಡನೇ ಸರದಿಯನ್ನು ಚೆಂಡು ಹಿಡಿದು ಓಡುವ ಸೇಕ್ವಾನ್ ಬಾರ್ಕ್ಲಿ ಮೇಲೆ ಹಾಕಿತ್ತು. ಆರು ವರ್ಷದಲ್ಲಿ ಆ ತಂಡ ಪ್ಲೇಆಫ್ ಕಂಡದ್ದು ಒಂದೇ ಸಲ. ಬಾರ್ಕ್ಲಿ 2024ರಲ್ಲಿ ಈಗಲ್ಸ್ ಸೇರಿ ಈ ಲೈನಿನ ಹಿಂದೆ 2,005 ಗಜ ಓಡಿದ, ಸೂಪರ್ ಬೌಲ್ ಗೆದ್ದ.

ಅದೇ 2024ರಲ್ಲಿ ಚೇಸ್ 127 ಚೆಂಡು ಹಿಡಿದು, 1,708 ಗಜ, 17 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು) ಗಳಿಸಿದ. ಮೂರರಲ್ಲೂ ಲೀಗಿಗೇ ಮೊದಲಿಗ. ಬರೋ 43 ಟಚ್‌ಡೌನ್ ಎಸೆದ. ಆದರೂ ಬೆಂಗಾಲ್ಸ್ ಪ್ಲೇಆಫ್‌ಗೆ ಹೋಗಲಿಲ್ಲ. ಈ ಸಲ ತೂತು ಬಿದ್ದದ್ದು ಎದುರಾಳಿ ಅಂಕ ಗಳಿಸದಂತೆ ತಡೆಯುವ ರಕ್ಷಣಾ ಪಡೆಯಲ್ಲಿ. ಅದೂ ಏರಿಯೇ, ಏಕೆಂದರೆ ಎದುರಾಳಿ ಕ್ವಾರ್ಟರ್‌ಬ್ಯಾಕ್ ಹುಡುಕುವುದು ಅಲ್ಲಿರುವ ಅತಿ ದುರ್ಬಲನನ್ನು. ಆ ವರ್ಷ ಬೆಂಗಾಲ್ಸ್ 33 ಅಂಕ ಗಳಿಸಿ ಸೋತಿತು, 34 ಗಳಿಸಿ ಸೋತಿತು, 38 ಗಳಿಸಿ ಎರಡು ಸಲ ಸೋತಿತು.