ವರ್ಷಾಂತ್ಯದ ದಣಿವು ಮತ್ತು ಮೈಯೊಳಗಿನ ಗಡಿಯಾರ

ಡಿಸೆಂಬರ್ ತಿಂಗಳ ಕೊನೆಯ ವಾರವನ್ನು ನಾವು ರಜೆಯೆಂದು ಕರೆಯುತ್ತೇವಾದರೂ, ಅದನ್ನು ಮುಗಿಸಿ ಕೆಲಸಕ್ಕೆ ಮರಳಿದವರ ಮುಖದಲ್ಲಿ ವಿಶ್ರಾಂತಿಯ ಕಳೆ ಕಾಣುವುದು ಅಪರೂಪ. ತಲೆ ಭಾರ, ಹೊಟ್ಟೆ ಉಬ್ಬರ, ಸಣ್ಣ ಮಾತಿಗೂ ಸಿಡುಕು, ಮಕ್ಕಳಲ್ಲಿ ಕಾರಣ ತಿಳಿಯದ ಹಟ. ಇದಕ್ಕೆ ಕೆಲವರು ಹವೆಯನ್ನು ದೂರುತ್ತಾರೆ, ಕೆಲವರು ಊಟವನ್ನು. ಇನ್ನು ಕೆಲವರು, ಮೊದಲ ದಿನ ಹೇಗೆ ಕಳೆಯಿತೋ ಇಡೀ ವರ್ಷವೂ ಹಾಗೆಯೇ ಕಳೆಯುತ್ತದೆಂಬ ನಂಬಿಕೆಗೆ ಕಟ್ಟುಬಿದ್ದು, ಜನವರಿ 1ರ ತಲೆನೋವಿನಲ್ಲಿ ಮುಂದಿನ ಹನ್ನೆರಡು ತಿಂಗಳ ಭವಿಷ್ಯವನ್ನು ಓದತೊಡಗುತ್ತಾರೆ. ಈ ನಂಬಿಕೆಯ ವಿಷಯದಲ್ಲಿ ನನಗೆ ತಾಳ್ಮೆ ಕಡಿಮೆ. ಜನವರಿ 1ಕ್ಕೆ ಆ ಪಟ್ಟ ದೊರೆತದ್ದು ರೋಮಿನ ಆಡಳಿತದ ಅನುಕೂಲಕ್ಕಾಗಿ: ಕ್ರಿ.ಪೂ. 153ರಿಂದ ಅಲ್ಲಿನ ಕಾನ್ಸಲ್‌ಗಳು, ಎಂದರೆ ವರ್ಷಕ್ಕೊಮ್ಮೆ ಆಯ್ಕೆಯಾಗುತ್ತಿದ್ದ ಮುಖ್ಯ ಆಡಳಿತಗಾರರು, ಅಂದು ಅಧಿಕಾರ ವಹಿಸಿಕೊಳ್ಳತೊಡಗಿದರು. ಇಂಗ್ಲೆಂಡಿನಲ್ಲಿಯಂತೂ 1751ರವರೆಗೆ ಕಾನೂನಿನ ಪ್ರಕಾರ ವರ್ಷ ಆರಂಭವಾಗುತ್ತಿದ್ದುದು ಮಾರ್ಚ್ 25ರಂದು. ಹಾಗಿದ್ದರೆ ಆ ಜನರು ಯಾವ ದಿನದ ತಲೆನೋವನ್ನು ಲೆಕ್ಕಕ್ಕೆ ಹಿಡಿಯಬೇಕಿತ್ತು?

ಆ ತಲೆನೋವಿಗೆ ದೊಡ್ಡ ಕಾರಣವೊಂದು ನಮ್ಮ ಮೈಯೊಳಗೇ ಇದೆ. 1729ರಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ದ ಮೆರಾನ್, ಮುಟ್ಟಿದರೆ ಮುನಿಯಂಥ ಒಂದು ಗಿಡವನ್ನು ಬೆಳಕು ಸುಳಿಯದ ಕಡೆ ಇರಿಸಿ ನೋಡಿದ. ಸೂರ್ಯ ಕಾಣದಿದ್ದರೂ ಅದರ ಎಲೆಗಳು ಹಗಲಿನಲ್ಲಿ ಬಿಚ್ಚಿಕೊಂಡವು, ಇರುಳಿನಲ್ಲಿ ಮಡಚಿಕೊಂಡವು. ಗಿಡವು ಕಾಣದ ಸೂರ್ಯನನ್ನು ಹೇಗೋ ಗ್ರಹಿಸುತ್ತಿದೆಯೆಂದು ಆತ ಊಹಿಸಿದ. ಗಡಿಯಾರ ಗಿಡದೊಳಗೇ ಇರಬಹುದೆಂಬುದು ಆತನಿಗೆ ಹೊಳೆಯಲಿಲ್ಲ. 1971ರಲ್ಲಿ ರೊನಾಲ್ಡ್ ಕೊನೊಪ್ಕಾ ಮತ್ತು ಸೀಮೋರ್ ಬೆಂಝರ್ ಹಣ್ಣಿನ ನೊಣಗಳಲ್ಲಿ ಮೂರು ವಿಚಿತ್ರ ತಳಿಗಳನ್ನು ಗುರುತಿಸಿದರು. ಒಂದರ ದಿನ 19 ಗಂಟೆಯದು, ಇನ್ನೊಂದರದು 28 ಗಂಟೆಯದು, ಮೂರನೆಯದಕ್ಕೆ ದಿನವೆಂಬುದೇ ಇರಲಿಲ್ಲ. ಮೂರೂ ದೋಷಗಳು ಒಂದೇ ಜೀನಿನಲ್ಲಿದ್ದವು. ಆ ಜೀನಿನ ಜಾಡು ಹಿಡಿದು ಗಡಿಯಾರದ ಒಳರಚನೆಯನ್ನು ಬಿಡಿಸಿ ತೋರಿಸಿದ ಹಾಲ್, ರೋಸ್‌ಬಾಶ್ ಮತ್ತು ಯಂಗ್ 2017ರ ನೊಬೆಲ್ ಬಹುಮಾನ ಪಡೆದರು.

ಈ ಗಡಿಯಾರ ನಡೆಯುವ ಬಗೆ ಎಷ್ಟು ಸಲ ಯೋಚಿಸಿದರೂ ನನಗೆ ಹಳೆಯದಾಗಿಲ್ಲ. ಜೀನ್ ಒಂದು ಪ್ರೋಟೀನನ್ನು ಮಾಡಿಸುತ್ತದೆ. ಆ ಪ್ರೋಟೀನು ಸಾಕಷ್ಟು ಶೇಖರವಾದಾಗ ಕೋಶಕೇಂದ್ರದೊಳಗೆ ಹೋಗಿ ತನ್ನನ್ನು ಹುಟ್ಟಿಸಿದ ಜೀನನ್ನೇ ಸುಮ್ಮನಾಗಿಸುತ್ತದೆ. ಒಲೆಯ ಮೇಲಿಟ್ಟ ಹಾಲು ಉಕ್ಕಿ ಸುರಿದು ತನ್ನ ಬೆಂಕಿಯನ್ನು ತಾನೇ ನಂದಿಸಿದಂತೆ. ಆದರೆ ನಂದಿದ ಒಲೆ ತಾನಾಗಿ ಹೊತ್ತಿಕೊಳ್ಳುವುದಿಲ್ಲ, ಜೀನ್ ಹೊತ್ತಿಕೊಳ್ಳುತ್ತದೆ. ಹಾಗಾಗಿ ನೀರಿನ ತೊಟ್ಟಿಯಲ್ಲಿ ಮಟ್ಟ ಏರಿದಾಗ ನಲ್ಲಿಯನ್ನು ಮುಚ್ಚಿ, ಇಳಿದಾಗ ತೆರೆಯುವ ತೇಲುಚೆಂಡಿನ ಹೋಲಿಕೆ ಇನ್ನೂ ಹತ್ತಿರದ್ದು. ಅದೂ ಸಾಲದು, ಏಕೆಂದರೆ ಚೆಂಡು ತಕ್ಷಣ ಕೆಲಸ ಮಾಡಿದರೆ ನೀರು ಒಂದೇ ಮಟ್ಟದಲ್ಲಿ ನಿಂತುಬಿಡುತ್ತದೆ, ಏರಿಳಿತ ಹುಟ್ಟುವುದಿಲ್ಲ. ಗುಟ್ಟಿರುವುದು ವಿಳಂಬದಲ್ಲಿ. ಕಚೇರಿಯೊಂದರಲ್ಲಿ "ಸಾಕು, ನಿಲ್ಲಿಸಿ" ಎಂಬ ಕಡತ ಹತ್ತು ಮೇಜುಗಳನ್ನು ದಾಟಿ ಬರುವಷ್ಟರಲ್ಲಿ ಸರಕು ವಿಪರೀತ ಬಿದ್ದಿರುತ್ತದೆ, "ಮತ್ತೆ ಆರಂಭಿಸಿ" ಎಂಬ ಕಡತ ಬರುವಷ್ಟರಲ್ಲಿ ಉಗ್ರಾಣ ಬರಿದಾಗಿರುತ್ತದೆ. ಜೀವಕೋಶದಲ್ಲಿ ಈ ಕಡತದ ಒಂದು ಸುತ್ತು ಮುಗಿಯಲು ಹಿಡಿಯುವ ಕಾಲವೇ ಸುಮಾರು 24 ಗಂಟೆ.

"ಸುಮಾರು" ಎಂಬ ಮಾತನ್ನು ಗಮನಿಸಬೇಕು. ಮನುಷ್ಯರಲ್ಲಿ ಈ ಸುತ್ತು ಸರಾಸರಿ 24 ಗಂಟೆಗಿಂತ ಹತ್ತು ಹನ್ನೊಂದು ನಿಮಿಷ ಉದ್ದ. ದಿನವೂ ತುಸು ಹಿಂದೆ ಬೀಳುವ ಇದನ್ನು ಸರಿಪಡಿಸುವುದು ಮುಖ್ಯವಾಗಿ ಬೆಳಕು. ಕಣ್ಣಿನ ಅಕ್ಷಿಪಟಲದಲ್ಲಿ ಮೆಲನಾಪ್ಸಿನ್ ಎಂಬ ವರ್ಣದ್ರವ್ಯವುಳ್ಳ ಕೆಲವು ನರಕೋಶಗಳಿದ್ದು, ನೀಲಿ ಬೆಳಕಿಗೆ ಹೆಚ್ಚು ಮಿಡಿಯುವ ಅವು ಮೆದುಳಿನ ಬುಡದಲ್ಲಿರುವ ಸುಮಾರು 20,000 ನರಕೋಶಗಳ ಮುಖ್ಯ ಗಡಿಯಾರಕ್ಕೆ ಸುದ್ದಿ ಮುಟ್ಟಿಸುತ್ತವೆ. ಮುಂಜಾನೆಯ ಬೆಳಕು ಈ ಗಡಿಯಾರವನ್ನು ಮುಂದಕ್ಕೆ ತಳ್ಳುತ್ತದೆ. ತಡರಾತ್ರಿಯ ಬೆಳಕು ಹಿಂದಕ್ಕೆ ಎಳೆಯುತ್ತದೆ.

ರಜೆಯ ವಾರದಲ್ಲಿ ನಾವು ಮಾಡುವುದಾದರೂ ಏನು? ರಾತ್ರಿ ಹನ್ನೊಂದಕ್ಕೆ ಮಲಗಿ ಆರಕ್ಕೆ ಏಳುತ್ತಿದ್ದವರು ಎರಡಕ್ಕೆ ಮಲಗಿ ಹತ್ತಕ್ಕೆ ಏಳುತ್ತೇವೆ. ನಿದ್ರೆಯ ನಡುಬಿಂದು ಎರಡೂವರೆಯಿಂದ ಆರಕ್ಕೆ ಜಾರುತ್ತದೆ. ಟಿಲ್ ರೋಎನ್ನೆಬರ್ಗ್ ಮತ್ತು ಸಂಗಡಿಗರು 2006ರಲ್ಲಿ 'ಸಾಮಾಜಿಕ ಜೆಟ್‌ಲ್ಯಾಗ್' ಎಂದು ಹೆಸರಿಸಿದ್ದು ಇಂಥ ಅಂತರವನ್ನೇ. ವಿಮಾನದಲ್ಲಿ ದೂರದ ನಾಡಿಗೆ ಹಾರಿದಾಗ ಮೈಯ ಗಡಿಯಾರ ಅಲ್ಲಿನ ವೇಳೆಗೆ ಹೊಂದದೆ ಕಾಡುವ ದಣಿವೇ ಜೆಟ್‌ಲ್ಯಾಗ್. ಮನೆಯಿಂದ ಹೊರಬೀಳದೆಯೇ ಮೂರೂವರೆ ಗಂಟೆ ದೂರದ ನಾಡಿಗೆ ಹೋಗಿ, ಕೆಲಸ ಶುರುವಾಗುವ ದಿನ ಒಂದೇ ರಾತ್ರಿಯಲ್ಲಿ ಮರಳಲು ಹೊರಟಂತೆ. ಆದರೆ ಗಡಿಯಾರ ಹೊಂದಿಕೊಳ್ಳುವುದು ಹೆಚ್ಚುಕಡಿಮೆ ದಿನಕ್ಕೊಂದು ಗಂಟೆಯಂತೆ. ಹೊಸ ವರ್ಷದ ಸಂಕಲ್ಪಗಳು ಮೊದಲ ವಾರದಲ್ಲೇ ಸೊರಗುವುದನ್ನು ಕಂಡು ಮನೋಬಲದ ಕೊರತೆಯೆಂದು ನಮ್ಮನ್ನು ನಾವು ಹಳಿದುಕೊಳ್ಳುತ್ತೇವೆ. ಮೈ ಇನ್ನೂ ನಡುರಾತ್ರಿಯಲ್ಲಿರುವಾಗ ವ್ಯಾಯಾಮಕ್ಕೆ ಎಬ್ಬಿಸಿದರೆ ಮನೋಬಲವಾದರೂ ಎಲ್ಲಿಂದ ಬರಬೇಕು?

ಆದ್ದರಿಂದ ವರ್ಷಾಂತ್ಯದಲ್ಲಿ ಮನೆಮಂದಿ ಪಾಲಿಸಬಹುದಾದ ಒಂದೇ ಒಂದು ನಿಯಮವನ್ನು ಹೇಳೆಂದರೆ, ಮಲಗುವ ಹೊತ್ತನ್ನು ಬಿಟ್ಟು ಏಳುವ ಹೊತ್ತನ್ನು ಹಿಡಿದುಕೊಳ್ಳಿ ಎನ್ನುತ್ತೇನೆ. ನಿದ್ರೆಯನ್ನು ಆಜ್ಞೆ ಮಾಡಿ ಕರೆಯಲಾಗದು, ಎಚ್ಚರವನ್ನು ಕರೆಯಬಹುದು. ಎದ್ದ ಮೇಲೆ ಅರ್ಧ ಗಂಟೆ ಹೊರಗಿರಬೇಕು. ಮೋಡ ಕವಿದ ದಿನದಲ್ಲಿಯೂ ಹೊರಗಿನ ಬೆಳಕು ಮನೆಯೊಳಗಿನ ದೀಪಕ್ಕಿಂತ ಹಲವು ಪಟ್ಟು ಪ್ರಖರ. ಯಕೃತ್ತಿಗೂ ತನ್ನದೇ ಗಡಿಯಾರವಿದ್ದು, ಅದು ಬೆಳಕಿಗಿಂತ ಊಟದ ಹೊತ್ತನ್ನು ಅನುಸರಿಸುವುದರಿಂದ, ನಡುರಾತ್ರಿಯ ಭರ್ಜರಿ ಊಟ ಮೆದುಳಿಗೊಂದು ವೇಳೆ, ಹೊಟ್ಟೆಗೊಂದು ವೇಳೆ ಎಂಬ ಸ್ಥಿತಿ ತರುತ್ತದೆ. ಮದ್ಯ ಬೇಗ ಜೊಂಪು ಹತ್ತಿಸಿದರೂ ರಾತ್ರಿಯ ಉತ್ತರಾರ್ಧದ ನಿದ್ರೆಯನ್ನು ಕೆಡಿಸುತ್ತದೆ.

ಬಂಧುಗಳು ಕೂಡಿದ ಮನೆಯಲ್ಲಿ ಇನ್ನೊಂದು ತೊಡಕು. ಹದಿಹರೆಯದವರ ಗಡಿಯಾರ ಸಹಜವಾಗಿಯೇ ತಡವಾಗಿ ನಡೆಯುತ್ತದೆ, ವಯಸ್ಸಾದವರದು ಮುಂಚಿತವಾಗಿ. ಎಂಟಕ್ಕೂ ಏಳದ ಹುಡುಗನನ್ನು ಸೋಮಾರಿಯೆಂದೂ, ಒಂಬತ್ತಕ್ಕೆ ತೂಕಡಿಸುವ ಅಜ್ಜನನ್ನು ಉತ್ಸಾಹವಿಲ್ಲದವನೆಂದೂ ಕರೆಯುವುದರಿಂದ ಜಗಳವಷ್ಟೇ ಹುಟ್ಟುತ್ತದೆ. ಮುಂಜಾನೆಯ ಕೆಲಸಗಳನ್ನು ಹಿರಿಯರಿಗೂ ರಾತ್ರಿ ಊಟದ ನಂತರದ ಪಾತ್ರೆ, ಸ್ವಚ್ಛತೆಯನ್ನು ಹುಡುಗರಿಗೂ ಹಂಚಿದರೆ ಮನೆವಾರ್ತೆ ಎಷ್ಟೋ ಹಗುರಾಗುತ್ತದೆ.

ಬಾಕಿ ಉಳಿದ ಲೆಕ್ಕಪತ್ರ, ಪಾವತಿ, ದುರಸ್ತಿಗಳ ಯೋಚನೆ ಹಾಸಿಗೆಯಲ್ಲಿ ಕಾಡುವುದಕ್ಕೂ ಸರಳವಾದ ಉಪಾಯವಿದೆ. 2018ರಲ್ಲಿ ಪ್ರಕಟವಾದ, 57 ಯುವಜನರ ಮೇಲೆ ನಡೆಸಿದ ಪ್ರಯೋಗದಲ್ಲಿ, ಮಲಗುವ ಮುನ್ನ ಐದು ನಿಮಿಷ ಮುಂದಿನ ದಿನಗಳ ಕೆಲಸಗಳನ್ನು ಬರೆದಿಟ್ಟವರು, ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಮೊದಲೇ ನಿದ್ರೆಗೆ ಜಾರಿದರು. ಪ್ರಯೋಗ ಚಿಕ್ಕದು, ನಿಜ. ಆದರೆ ಒಂದು ಹಾಳೆ, ಒಂದು ಪೆನ್ನಿನ ಖರ್ಚಿಗೆ ಅದನ್ನು ಯಾರೂ ಮನೆಯಲ್ಲಿ ಪರೀಕ್ಷಿಸಿ ನೋಡಬಹುದು.

31ರ ರಾತ್ರಿ ಎಚ್ಚರವಿರಬಾರದೆಂದು ನಾನು ಹೇಳುತ್ತಿಲ್ಲ. ಒಂದು ರಾತ್ರಿಯ ಜಾಗರಣೆಯನ್ನು ದೇಹ ತಾಳಿಕೊಳ್ಳುತ್ತದೆ, ಅದರ ಬೆನ್ನಿಗೆ ಬರುವ ಮಧ್ಯಾಹ್ನದವರೆಗಿನ ನಿದ್ರೆಯೇ ಗಡಿಯಾರವನ್ನು ಕದಲಿಸುವುದು. ಮರುದಿನ ಎಂದಿಗಿಂತ ಒಂದು ಗಂಟೆಯಷ್ಟೇ ತಡವಾಗಿ ಎದ್ದು, ಬಿಸಿಲಿಗೆ ಮುಖವೊಡ್ಡಿ, ಮಧ್ಯಾಹ್ನ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ, ಸಂಜೆಯಾದ ಮೇಲೆ ಕಾಫಿಯನ್ನು ಮುಟ್ಟದೆ, ರಾತ್ರಿ ಕಣ್ಣೆಳೆದಾಗ ದೀಪ ಆರಿಸಿಬಿಡಬೇಕು.